ಸೆಂಟ್ರಿಫ್ಯೂಜ್ ಸಿಂಹಾಸನ

ಕೇಳಿರಿ, ಕಿವಿಯುಳ್ಳವರೆಲ್ಲರೂ ಕೇಳಿರಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು ಒಂದು ಗಳಿಗೆ ತೆಗೆದಿಟ್ಟು ಕೇಳಿರಿ! ತ್ರೇತಾಯುಗದಲ್ಲಿ ಬಾಣದಿಂದಲೂ ದ್ವಾಪರದಲ್ಲಿ ಗದೆಯಿಂದಲೂ ಸಾಧಿಸಿದ್ದನ್ನು ಪಿಪೆಟ್ಟಿನಿಂದ ಸಾಧಿಸಬೇಕಾಗಿ ಬಂದ ಈ ಕಲಿಯುಗದಲ್ಲಿ, ಸಕಲಕೋಶಕುಲಚೂಡಾಮಣಿಯೂ, ಸೂಕ್ಷ್ಮದರ್ಶಕಸಮಾಲಿಂಗನಚತುರನೂ, ಗರ್ಭರಹಸ್ಯಭೇದನಧುರಂಧರನೂ, ಜೇಬಿನ ಬಳಿಯ ಚಹಾದ ಕಲೆಯೊಂದನ್ನು ಬಿಟ್ಟರೆ ಅಪ್ಪಟ ಶ್ವೇತಾಂಬರಧಾರಿಯೂ ಆದ ವೀರನೊಬ್ಬನು ಹುಬ್ಬಳ್ಳಿಯ ಒಂದು ಪ್ರಯೋಗಶಾಲೆಯಲ್ಲಿ ರಾರಾಜಿಸುತ್ತಿದ್ದನು. ಅವನ ಹೆಸರು ಸಂಗಮನಾಥ ಯಲಿಗಾರ. ಅವನ ಕೀರ್ತಿಯನ್ನು ಹಾಡಲು ಕವಿಗಳನ್ನು ಕೇಳಿಕೊಂಡದ್ದಾಯಿತು, ಯಾರೂ ಒಪ್ಪಲಿಲ್ಲ. ಆದ್ದರಿಂದ ಆ ಭಾರವನ್ನೂ ನಾನೇ, ಅಂದರೆ ಸಾಕ್ಷಾತ್ ಸಂಗಮನಾಥ ಯಲಿಗಾರನೇ, ಹೊತ್ತಿದ್ದೇನೆ.

ಮೊದಲು ನನ್ನ ಸೇನೆಯನ್ನು ಬಣ್ಣಿಸುವೆನು. ಅದು ಬಸುರಿಯ ಗರ್ಭದ ಒಳಪೊರೆಯಲ್ಲಿ ಬೀಡುಬಿಟ್ಟಿರುವ ರೋಗನಿರೋಧಕ ಕೋಶಗಳ ಸೇನೆ. ಇವರ ದಾಯಾದಿಗಳು ರಕ್ತದಲ್ಲಿ ಗಸ್ತು ತಿರುಗುತ್ತ ವೈರಾಣು ಹೊಕ್ಕ ಕೋಶಗಳನ್ನು ಕಂಡಲ್ಲಿ ಕೊಲ್ಲುವುದರಿಂದ, ಇಡೀ ವಂಶಕ್ಕೇ ವಿಜ್ಞಾನಿಗಳು ‘ಸಹಜ ಕೊಲೆಗಾರರು’ ಎಂಬ ಬಿರುದನ್ನು ದಯಪಾಲಿಸಿದ್ದಾರೆ. ಗರ್ಭದೊಳಗಿನ ನನ್ನವರು ಮಾತ್ರ ಕತ್ತಿ ಹಿರಿಯುವುದಿಲ್ಲ. ಸುರುಳಿ ಸುತ್ತಿದ ಕಿರಿದಾದ ರಕ್ತನಾಳಗಳ ಪಕ್ಕದಲ್ಲಿ ಕೂತು, ಅವು ಅಗಲವಾಗುವಂತೆ ನೆರವಾಗುತ್ತಾರೆ. ಕೂಸಿಗೆ ರಕ್ತ ಧಾರಾಳವಾಗಿ ಹರಿಯಲೆಂದು. ಆ ನಾಳಗಳು ಸರಿಯಾಗಿ ಅಗಲವಾಗದಿದ್ದರೆ ಬಸುರಿಯ ರಕ್ತದೊತ್ತಡ ಏರಿ ತಾಯಿಗೂ ಕೂಸಿಗೂ ಕಂಟಕ ಬರಬಹುದು. ಕೊಲೆಗಾರರು ನಾಳಗಳಿಗೆ ಏನು ಹೇಳುತ್ತಾರೆ, ನಾಳಗಳು ಏನು ಕೇಳಿಸಿಕೊಳ್ಳುತ್ತವೆ ಎಂಬುದನ್ನು ಕಂಡುಹಿಡಿಯುವುದೇ ನನ್ನ ದಿಗ್ವಿಜಯ. ಅದರ ಈವರೆಗಿನ ಫಲವನ್ನೂ ಹೇಳಿಬಿಡುತ್ತೇನೆ. ಪ್ರತಿ ಸಲವೂ ನಾನು ಸೂಕ್ಷ್ಮದರ್ಶಕದೊಳಗೆ ಇಣುಕುವ ಹೊತ್ತಿಗೆ ನನ್ನ ಸಮಸ್ತ ಸೇನೆ ಸತ್ತು ಬಿದ್ದಿರುತ್ತಿತ್ತು.

ಅಂಥ ದಿಗ್ವಿಜಯಿಯಾದ ನಾನು ಅಂದು ಬೆಳಿಗ್ಗೆ ಹೆರಿಗೆ ವಾರ್ಡಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದೆ. ಎದುರಿಗೆ ಚನಬಸವ್ವ. ಆಕೆಯ ಮಗಳು ಆಗಷ್ಟೇ ಹೆತ್ತಿದ್ದಳು. ಮಗಳು ಮಾಸನ್ನು ಸಂಶೋಧನೆಗೆ ಕೊಡಲು ಒಪ್ಪಿ ಸಹಿ ಹಾಕಿದ್ದರೂ, ಅದನ್ನು ಹಿತ್ತಲಲ್ಲಿ ಹೂಳುವ ಹಕ್ಕನ್ನು ತಾಯಿ ಬಿಟ್ಟುಕೊಟ್ಟಿರಲಿಲ್ಲ.

“ಕೂಸಿನ ಜೋಡಿ ಬಂದದ್ದರೀ ಅದು. ಮಣ್ಣಿಗೆ ಹೋಗಬೇಕು. ಒಂದ್ ತುಣುಕ ತಗೋರಿ, ಉಳಿದದ್ದು ನನ್ನ ಕೈಯಾಗ ಕೊಡ್ರಿ,” ಎಂದಳು. ಆಮೇಲೆ ದನಿ ಇಳಿಸಿ, “ಬಿ.ಪಿ. ಏರಿ ನನ್ನ ಮಗಳು ಸತ್ತು ಬದುಕ್ಯಾಳ. ಅದ್ಯಾಕ ಏರ್ತೈತಿ ಅನ್ನೋದರ ನೋಡಿ ಹೇಳ್ರಿ,” ಎಂದಳು.

“ಹೇಳ್ತೀನವ್ವಾ,” ಎಂದೆ. ಭೀಷಣಪ್ರತಿಜ್ಞೆಗಳು ಹೀಗೆಯೇ, ಯೋಚಿಸುವ ಮೊದಲೇ ಬಾಯಿಂದ ಜಾರಿಬಿಡುತ್ತವೆ.

ಆ ತುಣುಕನ್ನು ಇಬ್ಬರು ಹಂಚಿಕೊಳ್ಳಬೇಕಿತ್ತು. ಮಾಸಿಗೆ ಅಂಟಿಕೊಂಡು ಬಂದ ಒಳಪೊರೆಯ ಕೊಲೆಗಾರರು ನನಗೆ. ರಕ್ತನಾಳದ ಕೋಶಗಳು ಕಸ್ತೂರಿ ಇಟಗಿ ಅಕ್ಕನಿಗೆ. ಧಮನೀಮಂಡಲಾಧೀಶ್ವರಿಯೂ ಕ್ಷಣಮಾತ್ರಕೋಪಪ್ರಜ್ವಲಿತೆಯೂ ಆದ ಆಕೆ ನನಗಿಂತ ಹಿರಿಯ ಸಂಶೋಧಕಿ, ಪಕ್ಕದ ಮೇಜಿನವಳು. ಇಬ್ಬರೂ ನಮ್ಮ ನಮ್ಮ ಪಾಲನ್ನು ಕಿಣ್ವದಲ್ಲಿ ನೆನೆಸಿ ಕೋಶಗಳನ್ನು ಬಿಡಿಸಿದೆವು. ಇನ್ನು ತಡಮಾಡುವಂತಿಲ್ಲ. ಹೆಚ್ಚು ಹೊತ್ತು ಬಿಟ್ಟರೆ ಪೊರೆಯನ್ನು ಬಿಡಿಸಿದ ಕಿಣ್ವ ಕೋಶಗಳನ್ನೂ ತಿನ್ನತೊಡಗುತ್ತದೆ. ಕೂಡಲೇ ಕೊಳವೆಯನ್ನು ಸೆಂಟ್ರಿಫ್ಯೂಜಿನಲ್ಲಿಟ್ಟು ಗರಗರ ತಿರುಗಿಸಿ, ಕೋಶಗಳನ್ನು ತಳಕ್ಕೆ ಕೂರಿಸಿ, ಮೇಲಿನ ಕಿಣ್ವವನ್ನು ಚೆಲ್ಲಬೇಕು. ಸೆಂಟ್ರಿಫ್ಯೂಜ್ ಇದ್ದದ್ದು ಒಂದೇ. ಇಬ್ಬರೂ ಅದರ ಮುಂದೆ ಏಕಕಾಲಕ್ಕೆ ಪ್ರತ್ಯಕ್ಷರಾದೆವು.

ಆಗ ನಾನು ಮೇಘಗಂಭೀರಧ್ವನಿಯಿಂದ, “ಎಲೈ ನಾಳಾಭಿಮಾನಿನಿಯೇ, ಯಾವ ಕೊಲೆಗಾರಕುಲದ ಹೆಸರು ಕೇಳಿದರೆ ವೈರಾಣುಗಳು ನಡುಗುವುವೋ ಆ ಕುಲದ ಅಧಿಪತಿಯು ಬಂದಿರುವನು, ದಾರಿ ಬಿಡು!” ಎಂದು ಗರ್ಜಿಸಿದೆ. ಬಾಯಿಂದ ಹೊರಬಿದ್ದದ್ದು, “ಅಕ್ಕಾ, ನಾ ಮೊದಲ ಬಂದೀನಿ,” ಎಂದು.

“ಮೊದಲ ಬಂದಿಯೋ, ಓಡಿ ಬಂದಿಯೋ? ಸರಿ ಆಚೆ.”

“ನನ್ನ ಕೋಶ ಸಾಯ್ತಾವ ಅಕ್ಕಾ.”

“ನಿನ್ನವು ದಿನಾ ಸಾಯ್ತಾವ. ಅದಕ್ಕೇನ್ ಹೊಸಾದೈತಿ?”

ಈ ವಾಗ್ಬಾಣ ನನ್ನ ಎದೆಯನ್ನು ಸೀಳಿ, ಬೆನ್ನಿನಿಂದ ಹೊರಬಂದು, ಹಿಂದಿದ್ದ ಫ್ರಿಜ್ಜಿಗೆ ನಾಟಿತು. ಫ್ರಿಜ್ಜು ಗುರ್ರೆಂದಿತು.

“ನನ್ನವರು ಕೊಲೆಗಾರರು, ತಿಳಕೋ,” ಎಂದೆ.

“ಯಾರನ್ನ ಕೊಂದಾರ? ಗರ್ಭದಾಗ ಒಂದು ಇರುವಿ ಸತ್ತಿಲ್ಲ ಅವರ ಕೈಯಾಗ. ನನ್ನ ರಕ್ತನಾಳ ಅಗಲ ಮಾಡಾಕ ಕೂಲಿಗೆ ಬಂದ ಮಂದಿ ಅವರು.”

“ಕೂಲಿಯವರು ಬರದಿದ್ರ ನಿನ್ನ ನಾಳ ಕಡ್ಡಿಯಂಗ ಉಳಿತಿದ್ವು. ತಾಯಿಗೆ ಬಿ.ಪಿ. ಏರ್ತಿತ್ತು. ನೀ ಹೋಗಿ ಕೇಳು ಚನಬಸವ್ವನ್ನ!”

“ನಾಳಽ ಇಲ್ಲದಿದ್ರ ನಿನ್ನ ಕೂಲಿಯವರು ಏನ್ ಅಗಲ ಮಾಡ್ತಿದ್ರು? ನಿನ್ನ ಬಾಯಿ?”

ಮಾತಿನಲ್ಲಿ ಸೋತವನು ಕೃತಿಯಲ್ಲಿ ಗೆಲ್ಲಬೇಕೆಂದು ನಿಶ್ಚಯಿಸಿ, ಆಕೆ ಕೈಗವಸು ಸರಿಮಾಡಿಕೊಳ್ಳುತ್ತಿದ್ದ ಕ್ಷಣದಲ್ಲಿ ನಾನು ಸಿಂಹದಂತೆ ಹಾರಿ ಮುಚ್ಚಳ ತೆರೆದು, ಕೊಳವೆಯನ್ನು ತುರುಕಿ, ಗುಂಡಿ ಒತ್ತಿದೆ. ತ್ರಿಲೋಕವೂ ನನ್ನದಾಯಿತು. ಆದರೆ ಆ ಸಿಂಹಾಸನದ ಧರ್ಮವೇ ಬೇರೆ. ಅದರ ಚಕ್ರದ ಒಂದು ಬದಿಗೆ ಕೊಳವೆ ಇಟ್ಟರೆ ಎದುರು ಬದಿಗೂ ಅಷ್ಟೇ ತೂಕದ ಇನ್ನೊಂದನ್ನು ಇಡಲೇಬೇಕು. ಇಲ್ಲದಿದ್ದರೆ ಯಂತ್ರ ಓಲಾಡುತ್ತದೆ. ಪ್ರಯೋಗಶಾಲೆಗೆ ಕಾಲಿಟ್ಟವರಿಗೆ ಕಲಿಸುವ ಮೊದಲ ಪಾಠವಿದು. ವಿಜಯೋನ್ಮಾದದಲ್ಲಿ ನಾನು ಅದನ್ನೇ ನುಂಗಿಬಿಟ್ಟಿದ್ದೆ.

ಧಡಧಡಧಡ! ಮೇಜು ನಡುಗಿತು, ಬೀಕರುಗಳು ಹಲ್ಲು ಕಡಿದವು, ಪಾತಾಳದ ಆದಿಶೇಷನು ಮಗ್ಗುಲು ಬದಲಿಸಿದನು. ಯಂತ್ರ ಕೀಂ ಕೀಂ ಎಂದು ಚೀರಿ ತಾನೇ ನಿಂತುಬಿಟ್ಟಿತು. ಮುಚ್ಚಳ ತೆರೆದರೆ ಕೊಳವೆ ಸೋರಿ ಒಳಗೆ ಹನಿಗಳು ಬಿದ್ದಿದ್ದವು. ಹನಿಹನಿಯಲ್ಲೂ ನನ್ನ ಸೈನಿಕರು. ಉಳಿದವರನ್ನು ಕಿಣ್ವ ತಿನ್ನುತ್ತಿತ್ತು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಕೊಳವೆಯ ಮುಚ್ಚಳ ಬಿಗಿದಿಟ್ಟು ಓಡಿಹೋಗಿ ಖಾಲಿ ಕೊಳವೆಯೊಂದನ್ನು ತಂದು, ತಕ್ಕಡಿಯ ಮುಂದೆ ನಿಂತು, ತೂಕ ಸರಿಹೊಂದಿಸಲು ನೀರನ್ನು ಹನಿಹನಿಯಾಗಿ ಬಿಡತೊಡಗಿದೆ. ಹನಿ ಹೆಚ್ಚಾಯಿತು. ಹೀರಿದೆ. ಕಡಿಮೆಯಾಯಿತು. ಬಿಟ್ಟೆ.

ಕಸ್ತೂರಿ ಅಕ್ಕ ನೋಡುತ್ತ ನಿಂತಿದ್ದಳು. ಕಡೆಗೆ ಮೆಲ್ಲಗೆ, “ಸಂಗಮನಾಥ, ನೀರಿಗೆ ಸೀಟ್ ಕೊಡ್ತೀ, ನನಗ ಕೊಡಂಗಿಲ್ಲ ಅಲ್ಲೇನು?” ಎಂದಳು.

ನಾನು ತಿರುಗಿ ನೋಡಿದೆ. ಆಕೆಯ ಬಲಗೈಯಲ್ಲಿ ಆಕೆಯ ಕೋಶಗಳ ಕೊಳವೆ. ನನ್ನದರಷ್ಟೇ ಉದ್ದ, ಹೆಚ್ಚುಕಡಿಮೆ ಅಷ್ಟೇ ದ್ರವ, ತಿರುಗಬೇಕಾದ ವೇಗವೂ ಅದೇ, ಹೊತ್ತೂ ಅದೇ. ಚಕ್ರದಲ್ಲಿ ನನ್ನ ಕೊಳವೆಯೆದುರಿನ ಆಸನ ಮೊದಲಿನಿಂದಲೂ ಖಾಲಿಯಿತ್ತು. ನಾಚಿಕೆಯಿಂದ ತಲೆ ತಗ್ಗಿಸುವಷ್ಟರಲ್ಲಿ ಆಕೆಯ ಎಡಗೈಯಲ್ಲಿದ್ದ ಇನ್ನೊಂದು ಕೊಳವೆ ಕಣ್ಣಿಗೆ ಬಿತ್ತು.

“ಆ ಕೈಯಾಗ ಏನೈತಿ ಅಕ್ಕಾ?”

ಆಕೆ ಎಡಗೈಯನ್ನು ಬೆನ್ನ ಹಿಂದೆ ಸರಿಸಿದಳು. “ಏನಿಲ್ಲ.”

“ನೀನೂ ನೀರನ್ನಽ ತಂದೀ ಅಲ್ಲೇನು?”

“ನೀರಽ,” ಎಂದವಳೇ ನಕ್ಕುಬಿಟ್ಟಳು. “ಸಾಕ ಬಾ. ಮೊದಲ ಇಡು.”

ಎರಡು ಕೊಳವೆಗಳನ್ನು ತೂಗಿ ಸರಿಮಾಡಿ ಎದುರುಬದುರು ಕೂರಿಸಿದೆವು. ಗರ್ಭದಲ್ಲಿ ತಿಂಗಳುಗಟ್ಟಲೆ ಪಕ್ಕಪಕ್ಕದಲ್ಲಿ ಬಾಳಿದ ಎರಡು ಕುಲಗಳು, ಇಬ್ಬರು ಡಾಕ್ಟರೇಟ್ ಪಡೆದವರ ಅನುಮತಿ ಸಿಕ್ಕ ಮೇಲೆ ಮತ್ತೆ ಜೊತೆಗೂಡಿ ತಿರುಗಿದವು. ಯಂತ್ರ ಜೋಗುಳ ಹಾಡುವಂತೆ ಗುಂಯ್ಗುಟ್ಟಿತು. ನಾವಿಬ್ಬರೂ ಅದರ ಮುಂದೆ ಸ್ಟೂಲು ಎಳೆದುಕೊಂಡು, ಕೂತೆವು.

ಯಂತ್ರ ನಿಂತಿತು. ಕೊಳವೆಯನ್ನು ಬೆಳಕಿಗೆ ಹಿಡಿದೆ. ಅಗಣಿತಭಟಸಂಕುಲವಾದ ನನ್ನ ಮಹಾಸೇನೆ ತಳದಲ್ಲಿ ಒಂದು ರವೆಯ ಕಾಳಿನಷ್ಟು ಬೆಳ್ಳಗೆ ಅಂಟಿಕೊಂಡಿತ್ತು.

“ಇಷ್ಟಽ ಏನೋ?” ಎಂದಳು ಅಕ್ಕ.

“ಇಷ್ಟಽ,” ಎಂದೆ.

ಸತ್ತ ಕೋಶಗಳಿಗೆ ಮಾತ್ರ ಹತ್ತುವ ನೀಲಿ ಬಣ್ಣವನ್ನು ಬೆರೆಸಿ ಒಂದು ಹನಿಯನ್ನು ಗಾಜಿನ ಮೇಲಿಟ್ಟೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವ ಧೈರ್ಯ ಗರ್ಭರಹಸ್ಯಭೇದನಧುರಂಧರನಿಗೆ ಬರಲಿಲ್ಲ. ಆಕೆಯೇ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು.

“ನೀಲಿ ಆಗ್ಯಾವೇನಕ್ಕಾ?”

“ಅಲ್ಲೊಂದು ಇಲ್ಲೊಂದು.” ತಲೆ ಎತ್ತಿದಳು. “ಉಳಿದವು ಬದುಕ್ಯಾವ ಮಾರಾಯಾ.”

ಒಡನೆಯೇ ನಾನು ಮುಷ್ಟಿಯನ್ನು ಗಗನಕ್ಕೆ ಚಾಚಿ, ಭೂಮಂಡಲವನ್ನು ಉದ್ದೇಶಿಸಿ ಮಾಡಬೇಕೆಂದು ವರ್ಷದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ವಿಜಯಭಾಷಣವನ್ನು ಆರಂಭಿಸಲು ಬಾಯಿ ತೆರೆದೆ.

“ಭಾಷಣ ಆಮ್ಯಾಲ,” ಎಂದಳು ಅಕ್ಕ. “ಆ ಸೆಂಟ್ರಿಫ್ಯೂಜಿನಾಗ ಚೆಲ್ಲಿ ಬಂದೀಯಲ್ಲ, ಅದನ್ನ ಯಾರ ಒರಸಬೇಕು?”

ಸಕಲಕೋಶಕುಲಚೂಡಾಮಣಿಯಾದ ನಾನು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿಕೊಂಡು ಹೋಗಿ, ಮೊಣಕಾಲೂರಿ, ಒರೆಸಿ ಬಂದೆ. ಒಂದು ಮೂಲೆ ಬಿಟ್ಟಿದ್ದೆನಂತೆ. ಅದನ್ನು ಆಕೆ, ಗೊಣಗುತ್ತ, ಒರೆಸಿದಳು.