ಪಡುಮನೆ ಮುಳುಗಿಸಿದ ಕಥೆ

ಹಳೆಯ ಸಂಗತಿ ಬರೆದರೆ ನೆಂಟರು ಮುನಿಸಿಕೊಳ್ಳುತ್ತಾರೆ, ಈಗಿನದನ್ನು ಬರೆದರೆ ನೆರೆಕರೆಯವರು. ಆದ್ದರಿಂದ ಬರೆಯುವ ಚಟ ಇರುವವನು ಇನ್ನೂ ಬಾರದ ಕಾಲದ ಬಗ್ಗೆ ಬರೆಯುವುದೇ ಕ್ಷೇಮ ಎಂದು ನಾನು ನಂಬಿದ್ದೆ. ಬೈಂದೂರಿನಲ್ಲಿ ಫ್ಯಾನು, ಬಲ್ಬು ಮಾರುವ ನನಗೆ ಮುಂದಿನ ಶತಮಾನದವರಿಂದ ಏನು ತೊಂದರೆ? ಅವರು ಇನ್ನೂ ಹುಟ್ಟಿಯೇ ಇಲ್ಲ. ಮೊದಲು ಚಂದ್ರನ ಮೇಲೆ ಮನೆ ಮಾಡಿದವರ ಕುರಿತು ಒಂದು ಪದ್ಯ ಬರೆದೆ. ನನ್ನ ಹೆಂಡತಿ ಸುಮತಿ ಅದನ್ನು ಕೇಳಿ, ಅಲ್ಲಿ ತೆಂಗಿನಕಾಯಿ ಸಿಗುತ್ತದೆಯೇ ಎಂದು ವಿಚಾರಿಸಿ ಒಳಗೆ ಹೋದಳು. ಪದ್ಯ ಅಲ್ಲಿಗೇ ನಿಂತಿತು.

ಆಮೇಲೆ ಮೊಬೈಲಿನಲ್ಲಿ ಓದುವ ಒಂದು ಸಾಹಿತ್ಯ ಪತ್ರಿಕೆಯವರು ಬರಲಿರುವ ಕಾಲವನ್ನು ಊಹಿಸುವ ಕಥೆ, ಕವಿತೆ ಕಳಿಸಿ ಎಂದರು. ನಾನು ಚಂದ್ರನವರೆಗೆ ಹೋಗಲಿಲ್ಲ. ನಮ್ಮ ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಕಡಲು ರಸ್ತೆ ದಾಟಿ ಹೊಳೆಯನ್ನು ಸೇರಿದ ಮೇಲಿನ ಕಥೆ ಬರೆದೆ. ಜನ ಬಿಸಿಲಿನಿಂದ ಓಡುವ ದೋಣಿಯಲ್ಲಿ ಹಟ್ಟಿಯಂಗಡಿಯ ಗಣಪತಿ ದೇವಸ್ಥಾನಕ್ಕೆ ಹೋಗುತ್ತಾರೆ, ಬಸ್ ನಿಲ್ದಾಣದಲ್ಲಿ ಮೀನುಗಳು ಸಂಸಾರ ಮಾಡುತ್ತವೆ. ಎಲ್ಲವೂ ಕಲ್ಪನೆ, ಮನೆಗಳ ಹೆಸರು ಮಾತ್ರ ನಿಜ. ನಮ್ಮ ಕಡೆ ಮನುಷ್ಯರನ್ನು ಗುರುತಿಸುವುದೇ ಮನೆಯ ಹೆಸರಿನಿಂದ. ಬೇರೆ ಹೆಸರಿಟ್ಟರೆ ಬೇರೆ ಊರಾಗುತ್ತಿತ್ತು. ಕಡಲ ಬದಿಯ ಪಡುಮನೆ ಮೊದಲು ಮುಳುಗುತ್ತದೆ. ಹೊಳೆ ಬದಿಯ ನಮ್ಮ ಮನೆ ಉಳಿಯುತ್ತದೆ, ಯಾಕೆಂದರೆ ಕಥೆ ಹೇಳುವವನು ಅದರ ಜಗಲಿಯಲ್ಲಿ ಕುಳಿತಿದ್ದಾನೆ. ಪ್ರಕಟವಾದ ಖುಷಿಗೆ ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ನಾನೇ ಹಾಕಿದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು.

ಪಡುಮನೆ ಗಿರಿಜಕ್ಕನದು. ಅವರು ಮೀನು ಮಾರುವವರು. ಗಂಗೊಳ್ಳಿ ಬಂದರಿನಿಂದ ಮೀನು ತರುವಾಗ ಮೊದಲು ನಿಲ್ಲುವುದು ನಮ್ಮ ಗೇಟಿನಲ್ಲಿ. ಕಥೆ ಬಂದ ಮರುದಿನ ಅವರು ನಿಲ್ಲಲಿಲ್ಲ, ಆಮೇಲೂ ನಿಲ್ಲಲಿಲ್ಲ. ಬೆಳಿಗ್ಗೆ ಬಸಳೆ, ರಾತ್ರಿ ಸೌತೆಕಾಯಿ. ಕಡಲಲ್ಲಿ ಮೀನೇ ಇಲ್ಲವಂತೆ ಎಂದು ಸುಮತಿಗೆ ಹೇಳಿದೆ. ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಬಂಗುಡೆ ಹುರಿಯುವ ವಾಸನೆ ಬಂತು. ಅವಳು ನನ್ನ ಮುಖ ನೋಡಿ ಇನ್ನೊಂದು ಸೌತೆಕಾಯಿ ಹೆಚ್ಚತೊಡಗಿದಳು.

ಕೊನೆಗೆ ನಾನೇ ರಸ್ತೆ ದಾಟಿ ಹೋದೆ. ಸೊಸೆ ಗಿರಿಜಕ್ಕನಿಗೆ ಕಥೆಯನ್ನು ಪೂರ್ತಿ ಓದಿ ಹೇಳಿದ್ದಳಂತೆ. ಇದು ಬರೀ ಊಹೆ, ಭೂಗೋಳದ ಪ್ರಕಾರ ಕಡಲ ಬದಿಯೇ ಮೊದಲು ಹೋಗಬೇಕು ಎಂದೆಲ್ಲ ವಿವರಿಸಿದೆ. ಅವರು ಮನೆಯ ಹಿಂದೆ, ಕಡಲು ತಡೆಯಲು ಸುರಿದ ಕಲ್ಲುಗಳತ್ತ ನೋಡಿದರು. ಅಲ್ಲಿ ಅವರ ತೆಂಗಿನಮರಗಳಿದ್ದವು. ಒಂದೊಂದು ಮಳೆಗಾಲಕ್ಕೆ ಒಂದೊಂದು ಹೋಗಿ, ಈಗ ಒಂದೂ ಇಲ್ಲ.

"ನಿಜವಾಯ್ ಹೋದ್ದ್ ಸಾಲ್ದಾ? ಕಥಿಯಗೂ ನಮ್ದೇ ಹೋಯ್ಕಾ?" ಎಂದರು.

ಕಥೆಯಲ್ಲೂ ಅವರದನ್ನೇ ಕಳೆದ ನನಗೆ ನಾಚಿಕೆಯಾಯಿತು. ಆ ಮರಗಳ ಎಳನೀರು ಕುಡಿದವನು ನಾನು. ಹೊರಡಲು ಎದ್ದಾಗ ಕಥೆ ತಿದ್ದುವ ದಾರಿಯನ್ನೂ ಅವರೇ ತೋರಿಸಿದರು. "ಮಳಿಗಾಲ್ದಗೆ ಹೊಳಿ ನಿಮ್ಮ್ ಅಂಗ್ಳಕ್ಕೆ ಬತ್ತಿಲ್ಯಾ? ಆ ಬದಿಯಿಂದ ಸುರು ಮಾಡಿ."

ಮೊಬೈಲಿನ ಪತ್ರಿಕೆಯಲ್ಲಿ ಪ್ರಕಟವಾದ ಮೇಲೂ ತಿದ್ದಬಹುದು. ಹೊಳೆ ಉಕ್ಕಿಸಿ ನಮ್ಮ ಮನೆಯನ್ನು ಮೊದಲ ಪ್ಯಾರಾದಲ್ಲೇ ಮುಳುಗಿಸಿದೆ. ಕಥೆ ಹೇಳುವವನನ್ನು ಪಡುಮನೆಯ ಜಗಲಿಗೆ ಸಾಗಿಸಿದೆ. ಈಗ ಕಥೆಗೆ ಜೀವ ಬಂತು ಎಂದು ಸಂಪಾದಕರು ಬರೆದರು. ಗಿರಿಜಕ್ಕ ಗೇಟಿನಲ್ಲಿ ನಿಂತು ಒಳ್ಳೆಯ ಕಾಣೆ ಮೀನು ಆರಿಸಿ ಕೊಟ್ಟರು. ಕೊಡುವಾಗ, ಮನೆ ಮುಳುಗಿದ್ದಕ್ಕೆ ಬೇಸರ ಬೇಡ, ತಮ್ಮಲ್ಲಿ ಜಾಗ ಇದೆ ಎಂದು ಸುಮತಿಗೆ ಸಮಾಧಾನವನ್ನೂ ಹೇಳಿದರು.

ನನ್ನ ಒಂದು ಸಾಲನ್ನೂ ಓದದ ಸುಮತಿ ಅಂದು ಕಥೆಯನ್ನು ಕೊನೆಯವರೆಗೆ ಓದಿದಳು. ನಮ್ಮವರಲ್ಲಿ ಮನೆ ತಾಯಿಯಿಂದ ಮಗಳಿಗೆ ಬರುತ್ತದೆ. ನಾನು ಇರುವುದು ಅವಳ ತಾಯಿಯ ಮನೆಯಲ್ಲಿ. ಮುಳುಗಿಸುವಾಗ ಅದು ಮರೆತುಹೋಗಿತ್ತು.

"ನನ್ನ್ ಅಬ್ಬಿ ಮನಿ ಮುಳ್ಸುಕೆ ನಿಮ್ಗೆ ಯಾರ್ ಹೇಳದ್ದ್?" ಎಂದು ತಣ್ಣಗೆ ಕೇಳಿದಳು. ಅಡುಗೆಮನೆಯೂ ನೀರಿನೊಳಗೆ ಹೋಗಿರುವುದರಿಂದ ಮೀನನ್ನು ಕಥೆ ಹೇಳುವವನೇ ನೋಡಿಕೊಳ್ಳಲಿ ಎಂದೂ ಹೇಳಿ ಒಳಗೆ ಹೋದಳು.

ಬಾವಿಕಟ್ಟೆಯ ಬಳಿ ಚೂರಿ ಹಿಡಿದು ಕುಳಿತೆ. ನೂರು ವರ್ಷ ಮುಂದಿನದನ್ನು ಕಂಡವನಿಗೆ, ಕಾಣೆ ಮೀನನ್ನು ಯಾವ ಕಡೆಯಿಂದ ಸೀಳಬೇಕೆಂದು ಗೊತ್ತಿರಲಿಲ್ಲ.