ಹಲ್ಲು ತೆಗೆದಿಟ್ಟು ತಿನ್ನೋ ಬರ್ಗರ್

ಮಾವ ಹಲ್ಲು ತೆಗೆದು ಸ್ಟೀಲ್ ಲೋಟಕ್ಕೆ ಹಾಕ್ದ. ಟಣ್ ಅಂತು. ಆಮೇಲೆ ತಟ್ಟೇಲಿದ್ದ ಬರ್ಗರ್ ತಗಂಡು, ಕಣ್ಣು ಮುಚ್ಕಂಡು, ಬರೀ ವಸಡಲ್ಲಿ ಅಮುಕ್ದ. ನಾನು, ನಮ್ಮಮ್ಮ, ಅಜ್ಜಿ, ಎಲ್ರೂ ಅವನ ಬಾಯನ್ನೇ ನೋಡ್ತಾ ಕೂತಿದ್ವಿ. ದವಡೆ ಎಡಕ್ಕೆ ಹೋಯ್ತು, ಬಲಕ್ಕೆ ಹೋಯ್ತು, ನಿಂತೋಯ್ತು.

ಫೇಲು ಅಂದ. ಹಲ್ಲಿಲ್ಲದ ಬಾಯಲ್ಲಿ ಅದು ಬೇರೆ ಏನೋ ಆಗಿ ಕೇಳಿಸ್ತು. ಏನು ಅಂತ ನೀವೇ ಬಾಯಲ್ಲಿ ಹೇಳಿ ನೋಡ್ಕಳಿ. ಊಟದ ವಿಷ್ಯ ಬರೀತಿದೀನಿ, ಅದನ್ನ ನಾನು ಬರೆಯಲ್ಲ.

ತುಮಕೂರು ಜಿಲ್ಲೆ ಪೂರ್ತಿ ಹುಡುಕಿ ಬೇಕಾದ್ರೆ, ನಮ್ಮ ಮಾವನಷ್ಟು ವಯಸ್ಸಾಗಿರೋ ಮಗು ಇನ್ನೊಂದು ಸಿಗಲ್ಲ!

ಮಾವ ಅಂದ್ರೆ ನಮ್ಮಮ್ಮನ ತಮ್ಮ. ಗುಬ್ಬೀಲಿ ಬೇಕರಿ ಕೆಲ್ಸ, ಬನ್ನು ಬೇಯ್ಸೋದು. ಮದ್ವೆ ಆಗಿಲ್ಲ. ಹೊಗೆಸೊಪ್ಪು ಹಾಕಿ ಹಾಕಿ ಹಲ್ಲೆಲ್ಲ ಉದ್ರೋಗಿ, ಸೆಟ್ಟು ಕಟ್ಟಿಸ್ಕಂಡವ್ನೆ. ಆ ಸೆಟ್ಟಂದ್ರೆ ಪ್ರಾಣ. ಫೋಟೋ ತೆಗೀಬೇಕಾದ್ರೆ ಎಲ್ರೂ ಮುಖ ತೋರಿಸಿದ್ರೆ ಇವನು ಹಲ್ಲು ತೋರಿಸ್ತಾನೆ. ಸಾವಿನ ಮನೆಗೆ ಹೋದ್ರೂ ನಗ್ತಾ ನಿಂತಿರ್ತಾನೆ. ನಾಟಿ ಕೋಳಿ ಮಾಡಿದ ದಿನ ಇವನು ಮೂಳೆ ಕಡಿಯೋ ಸದ್ದಿಗೆ ಬೀದಿ ನಾಯೆಲ್ಲ ಬಂದು ಬಾಗಿಲಲ್ಲಿ ಕೂತ್ಕತವೆ. ಅಂಥೋನು ಹಲ್ಲು ತೆಗೆದು ಲೋಟಕ್ಕೆ ಹಾಕಿದ್ದಾನೆ ಅಂದ್ರೆ ಸುಮ್ನೇನಾ?

ಕಾರಣ ನನ್ನ ಮಗಳು. ಆಗಷ್ಟೇ ಒಂದು ವರ್ಷ ತುಂಬಿತ್ತು. ಜ್ವರ ಬಂದು ಹೋಗಿದ್ದೇ ನೆಪ, ಊಟ ಬಿಟ್ಬುಟ್ಲು. ರಾಗಿ ಸರಿ ಕೊಟ್ರೆ ಉಗೀತಾಳೆ. ಅನ್ನ ಬೇಳೆ ಕಿವುಚಿ ಕೊಟ್ರೆ ತುಟಿ ಬಿಗೀತಾಳೆ. ಮನೇಲಿ ಬೆಳಗಿಂದ ಸಂಜೆತನಕ "ಆ ಮಾಡು, ಆ ಮಾಡು" ಅಂತ ಎಲ್ರೂ ಬಾಯಿ ಕಳ್ಕಂಡಿರೋದು, ಅವಳೊಬ್ಳು ಮುಚ್ಕಂಡಿರೋದು. ಎತ್ಕಂಡ್ರೆ ಎತ್ಕಂಡಂಗೇ ಇರ್ತಿರ್ಲಿಲ್ಲ, ಅಷ್ಟು ಹಗುರ ಆಗಿದ್ಲು. ಡಾಕ್ಟ್ರಮ್ಮ, ಇನ್ನೂ ತೂಕ ಇಳಿಯೋಕೆ ಬಿಡಬೇಡಿ, ಮೆತ್ತಗಿರೋದು, ಅವಳೇ ಕೈಲಿ ಹಿಡ್ಕಂಡು ತಿನ್ನೋ ಅಂಥದ್ದು ಏನಾರ ಕೊಟ್ಟು ನೋಡಿ ಅಂದ್ರು. ನನ್ನ ಹೆಂಡ್ತಿ ಗಾರ್ಮೆಂಟ್ಸಿಂದ ಬಂದವಳು ಪಾಪುನ ಎದೆಗೆ ಹಾಕ್ಕಂಡು ಅಳೋಳು. ನಂಗೆ ಅಳು ಬರಲ್ಲ, ಸಿಟ್ಟು ಬರುತ್ತೆ. ಲಗೇಜ್ ಆಟೋ ಓಡಿಸ್ತೀನಲ್ಲ, ಹಾರನ್ ಮೇಲೆ ತೀರಿಸ್ಕಂತಿದ್ದೆ.

ಅದೇ ಆಟೋದಲ್ಲಿ ಒಂದಿನ ಪಾಪುನ ತೊಡೆ ಮೇಲೆ ಕೂರಿಸ್ಕಂಡು ಮಾವ ಬರ್ತಿದ್ದ. ಕ್ಯಾತ್ಸಂದ್ರದ ಹೈವೇ ಪಕ್ಕ ಹೋಟ್ಲು ಬೋರ್ಡಲ್ಲಿ ದೊಡ್ಡದೊಂದು ಬರ್ಗರ್ ಚಿತ್ರ. ಪಾಪು ಆ ಕಡೆ ಕೈ ಚಾಚಿದ್ಲು. ಬೋರ್ಡ್ ಮೇಲೆ ಒಂದು ಕಾಗೆ ಕೂತಿತ್ತು, ಅವಳು ಚಾಚಿದ್ದು ಅದಕ್ಕೆ. ಹೇಳಿದ್ರೆ ಮಾವ ಕೇಳ್ಬೇಕಲ್ಲ?

"ಮಗು ಬಾಯ್ಬಿಟ್ಟು ಕೇಳೈತೆ ಕಣ್ಲಾ. ಮಾಡ್ಕೊಡದೆ ಇದ್ರೆ ನಾನು ಬನ್ನು ಬೇಯ್ಸಿ ಏನು ಬಂತು?"

ಮನೆಗೆ ಬಂದೋನೇ ಬೇಕರಿಗೆ ಫೋನ್ ಹಚ್ಚಿ, ಪಾಪು ಬರ್ಗರ್ ಕೆಲ್ಸ ಐತೆ, ಮುಗಿಯೋವರೆಗೂ ಬರಲ್ಲ ಅಂತ ಕಿರುಚ್ದ. ನಮ್ಮಜ್ಜಿಗೆ ಕಿವಿ ಅರ್ಧ. ಬಗರ್ ಹುಕುಂ ಅಂತ ಕೇಳಿಸ್ಕಂಡೈತೆ. ಮಗ ಪಾಪು ಹೆಸರಲ್ಲಿ ಸರ್ಕಾರಿ ಜಮೀನಿಗೆ ಅರ್ಜಿ ಹಾಕವ್ನೆ ಅಂತ ಬೀದಿಗೆಲ್ಲ ಸಾರಿ ಬಂತು. ಮಾರನೆ ದಿನ ಪಕ್ಕದ ಮನೆಯೋರು ಬಂದು, ಯಾವ ಸರ್ವೆ ನಂಬರು, ನಮಗೂ ಒಸಿ ಹೇಳಿ ಅಂತ ಕೂತ್ರು. ಮಾವ ಒಳಗಿಂದ ಒಂದು ಬರ್ಗರ್ ತಂದು ಕೈಗಿಟ್ಟ. ಅವರು ಅದನ್ನ ತಿರುಗಿಸಿ ಮರುಗಿಸಿ ನೋಡಿ, "ಇಷ್ಟೇನಾ?" ಅಂದ್ರು.

ಇಷ್ಟೇ ಮಾಡಕ್ಕೆ ಅವನು ಪಟ್ಟ ಪಾಡು ಕೇಳಿ. ಬೇಕರಿ ಬನ್ನು ಮೇಲ್ಗಡೆ ಸಿಪ್ಪೆ ಗಟ್ಟಿ, ಮಗು ವಸಡು ತರಚುತ್ತೆ ಅಂದ. ಅದಕ್ಕೆ ಇಡ್ಲಿ ಪಾತ್ರೇಲಿ ಹಬೇಲಿ ಬೇಯ್ಸೋದು. ಶಕ್ತಿ ಬರ್ಲಿ ಅಂತ ಬರೀ ರಾಗಿ ಹಿಟ್ಟಲ್ಲೇ ಶುರು ಮಾಡ್ದ. ಮುಚ್ಚಳ ತೆಗೆದ್ರೆ ಒಳಗೆ ಸಾಲಾಗಿ ಮುದ್ದೆ! ನಮ್ಮಮ್ಮ ಇಣುಕಿ ನೋಡಿ, "ಸಾರು ತರ್ಲೇನ್ಲಾ?" ಅಂದ್ಲು.

ಆಮೇಲೆ ಗೋಧಿ ಹಿಟ್ಟು ಜಾಸ್ತಿ ಮಾಡಿ, ರಾಗಿ ಕಮ್ಮಿ ಮಾಡಿ, ಹಾಲಲ್ಲಿ ಕಲಸಿ ಉಬ್ಬಕ್ಕೆ ಬಿಟ್ಟ. ಒಳಗಿಡಕ್ಕೆ ಗೆಣಸು, ಕ್ಯಾರೆಟ್ಟು, ಹೆಸರುಬೇಳೆ, ಎಲ್ಲ ನುಣ್ಣಗೆ ಬೇಯ್ಸಿ ಹಿಸುಕಿ, ತಟ್ಟಿ, ತುಪ್ಪದಲ್ಲಿ ಹಂಚಿನ ಮೇಲೆ ಒಂಚೂರು ಬಿಸಿ ಮಾಡೋದು. ಖಾರ ಇಲ್ಲ, ಉಪ್ಪಿಲ್ಲ, ಸಕ್ರೆ ಇಲ್ಲ. ಮಧ್ಯ ಗಟ್ಟಿ ಮೊಸರು ಸವರೋದು. ನಿಂಬೆಹಣ್ಣಿನಷ್ಟು ಗಾತ್ರ, ಪಾಪು ಮುಷ್ಟಿಗೆ ಸರಿಯಾಗಿ. ಪ್ರತಿ ಸಲಾನೂ ಹಲ್ಲು ತೆಗೆದು ಲೋಟಕ್ಕೆ ಹಾಕಿ, ವಸಡಲ್ಲಿ ಅಮುಕಿ, ಫೇಲು ಅನ್ನೋನು. ನಾನು ತಿಂದು ನೋಡಿ ಚೆನ್ನಾಗೈತೆ ಬುಡು ಮಾವ ಅಂದ್ರೆ, ಹಲ್ಲಿರೋ ನಿಂಗೇನ್ಲಾ ಗೊತ್ತು ಅಂತ ಬೈಯೋನು. ಒಂದಿನ ಬಿಸಿಲಲ್ಲಿ ಬಂದೋನು ಆ ಲೋಟ ಎತ್ತಿ ನೀರು ಕುಡಿದೆ. ತುಟಿಗೆ ಹಲ್ಲು ತಾಗ್ತು. ನಂದಲ್ಲ!

ಕೊನೆಗೆ ವಸಡು ಪಾಸು ಮಾಡ್ತು. ಆದ್ರೂ ಪಾಪುಗೆ ಕೊಡೋಕೆ ಮುಂಚೆ ಬೇರೆ ಮಕ್ಕಳ ಮೇಲೂ ಒಂದು ಸಲ ನೋಡ್ಬೇಕು ಅಂತ, ಕುಣಿಗಲ್ಲಲ್ಲಿ ನನ್ನ ನಾದಿನಿ ಮಗೂದು ಬರ್ತ್‌ಡೇ ಇತ್ತಲ್ಲ, ಅಲ್ಲಿಗೆ ಒಂದು ಡಬರಿ ತುಂಬ ಮಾಡ್ಕಂಡು ಬಂದ. ಹಲ್ಲು ಬಂದಿರೋ ಮಕ್ಕಳು ಚಿಪ್ಸ್ ಕಡೆ ಓಡಿದ್ವು. ಬರದೇ ಇರೋವು ನಿದ್ದೆ. ಖುರ್ಚಿ ಸಾಲಲ್ಲಿ ಅಮೃತೂರಿಂದ ಬಂದ ಅಜ್ಜಂದಿರು ಕೂತಿದ್ರು, ಒಬ್ಬರ ಬಾಯಲ್ಲೂ ಹಲ್ಲಿಲ್ಲ. ಒಬ್ರು ಒಂದು ತಗಂಡ್ರು. ಅಷ್ಟೇ ನೋಡಿ, ಡಬರಿ ತಳ ಕಂಡೋಯ್ತು. ಒಬ್ಬಜ್ಜ ಮಾವನ ಕೈ ಹಿಡ್ಕಂಡು, ಇಷ್ಟು ವರ್ಷ ಎಲ್ಲಪ್ಪ ಹೋಗಿದ್ದೆ ನೀನು ಅಂತ ಕೇಳ್ದ.

ಅಜ್ಜಂದಿರೆಲ್ಲ ತಿಂದ್ರು. ನನ್ನ ಮಗಳು ತಿನ್ಲಿಲ್ಲ. ಅವಳಿಗೇ ಅಂತ ತೆಗೆದಿಟ್ಟಿದ್ದ ಒಂದನ್ನ ಹಿಡ್ಕಂಡು ಮಾವ ಮಂಡಿಯೂರಿ ಕೂತು ಆ ಅಂದ, ಅವಳು ಮುಖ ತಿರುಗಿಸಿ ನನ್ನ ಹೆಗಲಿಗೆ ಒರಗಿದ್ಲು. ಹೆಬ್ಬೂರು ದಾಟಿ ಮನೆ ಮುಟ್ಟೋತನಕ ಬಸ್ಸಲ್ಲಿ ಖಾಲಿ ಡಬರಿ ಮಾವನ ತೊಡೆ ಮೇಲೇ ಇತ್ತು. ಮಾವ ಕಿಟಕಿ ಕಡೆ ತಿರುಗಿ ಕೂತಿದ್ದ. ಹಲ್ಲು ಕಾಣಿಸ್ಲೇ ಇಲ್ಲ.

ಬೆಳಗ್ಗೆ ಎದ್ದು ಮತ್ತೆ ಮಾಡ್ದ. ಹಲ್ಲು ತೆಗೆದು ಲೋಟಕ್ಕೆ ಹಾಕ್ದ. ತಟ್ಟೆ ಮುಂದಿಟ್ಕಂಡು ನೆಲದ ಮೇಲೆ ಕೂತ್ಕಂಡ, ಆದ್ರೆ ಕೈ ಹಾಕ್ಲಿಲ್ಲ. ಸಾಕಾಗೋಗಿತ್ತು ಅಂತ ಕಾಣುತ್ತೆ. ಬಾಯಿ ಅರ್ಧ ತೆರ್ಕಂಡು ಸುಮ್ನೆ ಕೂತಿದ್ದ.

ಪಾಪು ಅಂಬೆಗಾಲಲ್ಲಿ ಹೋದ್ಲು. ಅವನ ಮಂಡಿ ಹಿಡ್ಕಂಡು ನಿಂತು ಬಾಯೊಳಗೆ ಬೆರಳು ಹಾಕಿದ್ಲು. ಈ ಕಡೆ ತಡವಿದ್ಲು, ಆ ಕಡೆ ತಡವಿದ್ಲು. ಏನೂ ಇಲ್ಲ. ಅವಳಿಗಾದ್ರೂ ಮುಂದೆ ಒಂದೆರಡು ಇಲಿ ಹಲ್ಲು ಬಂದಿದ್ವು. ತನಗಿಂತ ಚಿಕ್ಕದು ಇದು ಅಂತ ಅಂದ್ಕಂಡ್ಲೋ ಏನೋ. ತಟ್ಟೇಲಿದ್ದ ಬರ್ಗರಿಂದ ಒಂದು ಚೂರು ಕಿತ್ತು ಅವನ ಬಾಯಿ ಹತ್ರ ಹಿಡಿದು ಹೇಳಿದ್ಲು:

"ಆ."

ಮಾವ ಆ ಮಾಡ್ದ. ಅವಳು ಇಟ್ಲು. ಅವನು ಅಮುಕಿ ಅಮುಕಿ ನುಂಗಿದ್ದನ್ನ ಬಿಟ್ಟ ಕಣ್ಣು ಬಿಟ್ಟಂಗೆ ನೋಡಿದ್ಲು. ಇನ್ನೊಂದು ಚೂರು ಇಟ್ಲು. ಮೂರನೇದನ್ನ ತನ್ನ ಬಾಯಿಗೆ ಹಾಕ್ಕಂಡ್ಲು. ಅವನು ಅಮುಕಿದಂಗೇ, ದವಡೆ ಎಡಕ್ಕೆ, ಬಲಕ್ಕೆ. ನುಂಗಿದ್ಲು.

ಅಮ್ಮ ಅಡುಗೆ ಮನೆ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ಕಂಡು ನಿಂತಿದ್ಲು. ಮಾವ ಖುಷಿಗೆ ಹಲ್ಲು ಹಾಕ್ಕಂಡು ನಕ್ಕ. ಪಾಪು ಕಿಟಾರ್ ಅಂತ ಕಿರುಚಿ ತುಟಿ ಬಿಗಿದ್ಲು. ಅವನು ತೆಗೆದ, ಅವಳು ಹತ್ರ ಬಂದು ಮತ್ತೆ ತಿಂದ್ಲು.

ಈಗ ಅವಳು ನಮ್ಮಮ್ಮ ಎತ್ತಿದ್ರೆ ಉಸ್ ಅನ್ನೋಷ್ಟು ಆಗವ್ಳೆ. ಮಾವ ವಾರ ವಾರ ಗುಬ್ಬಿಯಿಂದ ಬರ್ತಾನೆ. ಮೊದ್ಲು ನಮ್ಮ ಬೀದಿ ತಿರುವಲ್ಲಿ ಹಲ್ಲು ತೆಗೆದು ಜೇಬಿಗೆ ಹಾಕ್ಕಂಡು ಬರೋನು. ಈಗ ಹಾಕ್ಕಂಡೇ ಬರಲ್ಲ. ಪಾಪು ಮುಡಿ ತೆಗೆಸಿದ ದಿನ ನಾಟಿ ಕೋಳಿ ಮಾಡಿದ್ವಿ, ಇವನು ಸಾರಲ್ಲಿ ಬನ್ನು ನೆನೆಸ್ಕಂಡು ತಿಂದ. ಹಲ್ಲು ಹಾಕ್ಕಳ್ಳೋ ಮಾವ, ಮೂಳೆ ಐತೆ ಅಂದೆ. "ಅವಳು ಗುರ್ತು ಹಿಡಿಯಲ್ಲ ಕಣ್ಲಾ," ಅಂದ.

ಅವತ್ತಿನ ಫೋಟೋ ಗೋಡೆ ಮೇಲೈತೆ. ನುಣ್ಣಗೆ ಬೋಳಿಸಿದ ತಲೆ ಪಾಪುದು, ಬೊಚ್ಚು ಬಾಯಿ ಮಾವಂದು. ಇಬ್ರೂ ಆ ಅಂತಿದಾರೆ.

ಅಷ್ಟೇ. ಇನ್ನು ಹೇಳಕ್ಕೆ ನನ್ನ ಹತ್ರ ಏನೂ ಇಲ್ಲ.