ಸೋಲ್ನಾದ ಕೆರೆದಂಡೆಯಲ್ಲಿ ಪುಂಡಿ

ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅನ್ನುತ್ತಾರೆ. ನಾನು ಸ್ವೀಡನ್ನಿಗೆ ಬಂದರೂ ನನ್ನ ಪಾಲಿನ ನೀರು ಅಷ್ಟೇ. ಇಂಥವು ನನಗೇ ಯಾಕೆ ಆಗುತ್ತವೋ, ಕೇಳಿಕೊಂಡು ಕೇಳಿಕೊಂಡು ಸಾಕಾಗಿದೆ. ಈ ಬೇಸಿಗೆಯವನ್ನಷ್ಟೇ ಹೇಳುತ್ತೇನೆ.

ನಾವು ಕಲಬುರಗಿ ಕಡೆಯವರು, ಈಗಿರುವುದು ಸ್ಟಾಕ್‌ಹೋಮಿಗೆ ಅಂಟಿಕೊಂಡ ಸೋಲ್ನಾದಲ್ಲಿ. ಹೆಂಡತಿ ಬಸುರಿ. ಅವಳ ಬಯಕೆ ಮಾವಿನಕಾಯಲ್ಲ, ಹುಣಸೆಯಲ್ಲ, ಪುಂಡಿ ಪಲ್ಯೆ. ಆ ಹುಳಿ ಸೊಪ್ಪಿಗಾಗಿ ಸ್ಟಾಕ್‌ಹೋಮಿನ ಅಂಗಡಿಗಳನ್ನೆಲ್ಲ ಅಲೆದೆ, ಸಿಗಲಿಲ್ಲ. ಅವಳ ತವರಿನಿಂದ ಬಂದ ಒಂದು ಹಿಡಿ ಬೀಜ ಮಾತ್ರ ಡಬ್ಬಿಯಲ್ಲಿತ್ತು.

"ಹೆರಿಗಿ ಆಗೂದ್ರಾಗ ಒಂದ್ ಸಲ ಉಣಿಸ್ರಿ, ಸಾಕು," ಅಂದಳು.

ಕಿಟಕಿಯ ಬಳಿ ಕುಂಡದಲ್ಲಿ ಸಸಿ ಎದ್ದವು. ಅವನ್ನು ಎಲ್ಲಿ ನೆಡಬೇಕು ಅನ್ನುವಲ್ಲಿಂದ ನನ್ನ ಗೋಳು ಶುರು.

ಕೀಳಬಹುದು

ಮನೆ ಹತ್ತಿರದ ಕೆರೆದಂಡೆ ನೋಡಿದೆ. ಒಳ್ಳೆ ಬಿಸಿಲು, ಕೈಗೆಟುಕುವ ನೀರು. ಅಗೆಯಲು ಕೂತೆ. ನಾಯಿ ಹಿಡಿದುಕೊಂಡು ಬಂದ ಒಬ್ಬ ಅಜ್ಜಿ, ಇದು ಕಮ್ಯೂನಿನ ಜಾಗ, ಅಂದರೆ ನಗರಸಭೆಯದು, ಎಂದಳು.

"ಈ ದೇಶದಲ್ಲಿ ಯಾವ ಕಾಡಲ್ಲಾದ್ರೂ ಹಣ್ಣು ಕೀಳ್ಬಹುದಲ್ವಾ?"

"ಕೀಳ್ಬಹುದು. ನೆಡೋ ಹಾಗಿಲ್ಲ."

"ಯಾರೂ ನೆಡದೆ ಕೀಳೋದು ಏನನ್ನ?"

"ಬ್ಲೂಬೆರಿ," ಅಂದಳು.

ನಾನು ಗುಂಡಿ ಮುಚ್ಚುವ ತನಕ ಅಲ್ಲೇ ನಿಂತಿದ್ದಳು. ಪಾಪ, ಕಾನೂನು ಗೊತ್ತಿಲ್ಲದ ಅವಳ ನಾಯಿ ಪಕ್ಕದಲ್ಲೇ ಇನ್ನೊಂದು ತೋಡುತ್ತಿತ್ತು.

ಬೇಯಿಸುವುದು

ಆಫೀಸಿನಲ್ಲಿ ಫೀಕಾ ಹೊತ್ತು, ಅಂದರೆ ಕಾಫಿ ಕುಡಿಯುತ್ತ ಕೆಲಸ ಮರೆಯುವ ಹೊತ್ತು. ಮಂಗಳೂರಿನ ಸಹೋದ್ಯೋಗಿಯೊಬ್ಬರಿಗೆ ಕೆರೆಯ ಆಚೆ ದಂಡೆಯಲ್ಲಿ ಬಾಡಿಗೆಯ ಪುಟ್ಟ ತೋಟವಿದೆ. ಅವರನ್ನು ಹಿಡಿದೆ.

"ಪುಂಡಿ ನೆಡಬೇಕಿತ್ತು, ಸ್ವಲ್ಪ ಜಾಗ ಕೊಡ್ತೀರಾ?"

ಅವರು ಕಪ್ಪು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. "ಮಾರಾಯ್ರೆ, ಪುಂಡಿ ನೆಡುದಲ್ಲ, ಬೇಯಿಸುದು."

ಅವರ ಕಡೆ ಪುಂಡಿ ಅಂದರೆ ಅಕ್ಕಿಯ ಕಡುಬು. ತಿಳಿಸಿ ಹೇಳುವಷ್ಟರಲ್ಲಿ ಕಾಫಿ ಆರಿತು. ಜಾಗವೇನೋ ಕೊಟ್ಟರು. ಆದರೆ ನಾನು ಕಡುಬು ನೆಡಲು ಹೊರಟ ಸುದ್ದಿ ಆಫೀಸೆಲ್ಲ ಹಬ್ಬಿ, ಮರುದಿನ ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು, "ಒತ್ತಡ ಜಾಸ್ತಿಯಾಗಿದ್ದರೆ ರಜೆ ತಗೋ," ಅಂದರು.

ಎಲೆ

ನೀರಿನ ಪಕ್ಕದ ಮಣ್ಣು, ಪುಂಡಿ ಸೊಂಟದುದ್ದ ಬಂತು. ಇನ್ನಷ್ಟು ಚಿಗುರಲಿ ಎಂದು ಹೆಂಡತಿ ಕೀಳದೆ, ದಿನಾ ಹೋಗಿ ಮಗುವಿನ ಹಾಗೆ ಎಲೆ ಸವರುತ್ತಿದ್ದಳು. ಆದರೆ ಪುಂಡಿಯ ಎಲೆ ಬೆರಳು ಬಿಡಿಸಿದ ಅಂಗೈಯ ಹಾಗೆ. ಗಾಂಜಾದ ಎಲೆಯೂ ಹಾಗೇ. ಪಕ್ಕದ ತೋಟದವರು ಮಾತು ಬಿಟ್ಟರು. ಒಂದು ಮಧ್ಯಾಹ್ನ ನಾವಿಬ್ಬರೂ ತೋಟದಲ್ಲಿದ್ದಾಗ ಇಬ್ಬರು ಪೊಲೀಸರು ಬಂದರು, ಒಬ್ಬ ಗಂಡಸು, ಒಬ್ಬಳು ಹೆಂಗಸು. ನನ್ನ ವರ್ಕ್ ಪರ್ಮಿಟ್ಟು ಕೆರೆಪಾಲಾದದ್ದು ಕಣ್ಣಿಗೆ ಕಟ್ಟಿತು. ಕಲಿತ ಸ್ವೀಡಿಶ್ ಎಲ್ಲ ಮರೆತುಹೋಯಿತು.

"ಇದು... ಇದು ತಿನ್ನೋದು," ಅಂದೆ.

"ಗೊತ್ತು. ಕೆಲವರು ತಿಂತಾರೆ," ಅಂದಳು ಪೊಲೀಸಮ್ಮ.

ಹೆಂಡತಿ ರೇಗಿ ಒಂದೆಲೆ ಕಿತ್ತು ಕಚಕಚ ಅಗಿದಳು. "ಅಯ್ಯೋ, ಬಸುರಿ!" ಎಂದು ಪೊಲೀಸರಿಬ್ಬರೂ ಕೂಗಿಕೊಂಡು, ನನ್ನನ್ನು ಕೊಲೆಗಾರನ ಹಾಗೆ ನೋಡಿದರು. ಎರಡು ಗಿಡ ಪರೀಕ್ಷೆಗೆ ಹೋದವು; ಫಲಿತಾಂಶ ಬರುವ ತನಕ ಉಳಿದವನ್ನು ಮುಟ್ಟುವ ಹಾಗಿಲ್ಲ ಅಂದರು.

ಹೊಗೆ

ಪುಂಡಿ ನಿರಪರಾಧಿ ಎಂದು ಪೊಲೀಸಮ್ಮ ಫೋನ್ ಮಾಡಿದ ದಿನ ಮನೆಯಲ್ಲಿ ಹಬ್ಬ. ಹೆಂಡತಿ ಜೋಳದ ಹಿಟ್ಟು ನಾದಿಟ್ಟಳು. ಬುಟ್ಟಿ ಹಿಡಿದುಕೊಂಡು ಇಬ್ಬರೂ ಹೋದೆವು. ತೋಟ ಬೋಳು. ಪೊಲೀಸರು ಬಂದ ಸುದ್ದಿ ಹಬ್ಬಿ, ಇದು ಗಾಂಜಾನೇ ಅಂತ ನಂಬಿ ಯಾರೋ ಬೇರುಸಮೇತ ಕಿತ್ತುಕೊಂಡು ಹೋಗಿದ್ದರು. ಡಬ್ಬಿಯಲ್ಲಿ ಇನ್ನೊಂದು ಬೀಜವೂ ಇಲ್ಲ. ಅವಳು ಆ ಮಣ್ಣಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಅಳು ತಡೆಯಲಾಗಲಿಲ್ಲ. ಒಂದು ತುತ್ತು ಕೇಳಿದ್ದಳು, ಅದೂ ನನ್ನಿಂದ ಆಗಲಿಲ್ಲ.

ವಾರ ಬಿಟ್ಟು ಮತ್ತೆ ಪೊಲೀಸಮ್ಮನ ಫೋನು. ಕಳ್ಳರಿಬ್ಬರು ಸಿಕ್ಕಿದ್ದಾರಂತೆ. ಸೊಪ್ಪನ್ನೆಲ್ಲ ಒಣಗಿಸಿ ಸೇದಿ ಮುಗಿಸಿದ್ದಾರಂತೆ.

"ಅವರಿಗೆ ಕೆಮ್ಮು ಬಿಟ್ಟರೆ ಬೇರೇನೂ ಏರಿಲ್ಲ," ಅಂದಳು. "ಇದನ್ನು ನೀವು ಹೇಗೆ ತಗೋತೀರಿ ಅಂತ ಕೇಳ್ತಿದ್ದಾರೆ."

ನಾನು ಅದನ್ನು ಹೆಂಡತಿಗೆ ಕನ್ನಡದಲ್ಲಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಎದ್ದಳು.

"ಹೊಗಿ ಬಿಡೂದಲ್ಲ, ಬಳ್ಳೊಳ್ಳಿ ಒಗ್ಗರಣಿ ಕೊಡೂದು ಅಂತ ಹೇಳ್ರಿ ಆ ಭಾಡ್ಯಾಗೋಳಿಗೆ!"